60 ದಾಟಿದರೆ ಎಳೆಯದ ಅಂಬಾಸಿಡರ್: ಎಂಜಿನ್ ಬಿಚ್ಚಿಸಬೇಕಾ?

ಪ್ರಶ್ನೆ: ಸರ್, ನಮ್ಮದು ಬ್ರಹ್ಮಾವರದ ಹತ್ತಿರ. ಅಪ್ಪ 1978ರಲ್ಲಿ ಕೊಂಡ ಅಂಬಾಸಿಡರ್ ಮಾರ್ಕ್ 3 ಇದೆ. ಪೆಟ್ರೋಲ್ ಎಂಜಿನ್, ಎಸ್‌ಯು ಕಾರ್ಬ್ಯುರೇಟರ್, ಎಂಜಿನ್ ಪಕ್ಕದಲ್ಲಿ ಹಳೆಯ ಎಸಿ ಕಂಪನಿಯ ಪೆಟ್ರೋಲ್ ಪಂಪ್. ಎರಡು ಮಳೆಗಾಲ ಶೆಡ್ಡಿನಲ್ಲಿ ಸುಮ್ನೆ ನಿಂತಿತ್ತು. ಹೋದ ದೀಪಾವಳಿ ಆದ ಮೇಲೆ ಮತ್ತೆ ರಸ್ತೆಗೆ ಇಳಿಸಿದೆವು. ಸ್ಟಾರ್ಟಿಂಗ್ ಚೆನ್ನಾಗಿದೆ, ಐಡ್ಲಿಂಗ್ ಚೆನ್ನಾಗಿದೆ, ಊರೊಳಗೆ ಏನೂ ತೊಂದರೆ ಇಲ್ಲ. ಹೈವೇಯಲ್ಲಿ 60 ದಾಟಿಸಲು ಹೋದರೆ ಮಾತ್ರ ರೇಸ್ ಹಿಡಿಯುವುದಿಲ್ಲ. ಮೊದಲು ಮಂಕಾಗುತ್ತದೆ, ಆಮೇಲೆ ಜರ್ಕ್ ಹೊಡೆಯುತ್ತದೆ. ಮಣಿಪಾಲದ ಏರಿನಲ್ಲೂ ಹಾಗೇ. ನ್ಯೂಟ್ರಲ್‌ನಲ್ಲಿ ಒತ್ತಿದರೆ ಚೆನ್ನಾಗಿ ರೇಸ್ ಆಗುತ್ತದೆ. ಓಡುವಾಗ ಚೋಕ್ ಸ್ವಲ್ಪ ಎಳೆದರೆ ಒಂಚೂರು ಸುಧಾರಿಸುತ್ತದೆ, ಪೂರ್ತಿ ಅಲ್ಲ. ಬದಿಗೆ ಹಾಕಿ ಎರಡು ನಿಮಿಷ ನಿಲ್ಲಿಸಿ ಹೊರಟರೆ ಸ್ವಲ್ಪ ದೂರ ಸರಿ ಹೋಗುತ್ತದೆ. ಪ್ಲಗ್, ಪಾಯಿಂಟ್, ಕಂಡೆನ್ಸರ್, ಕಾಯಿಲ್ ಅಂತ ಕಿಡಿ ಕೊಡುವ ಭಾಗಗಳೆಲ್ಲ ಹೊಸತು. ಕಾರ್ಬ್ಯುರೇಟರ್ ಎರಡು ಸಲ ತೊಳೆಸಿದ್ದೇವೆ. ಈಗ ಒಬ್ಬರು ಎಂಜಿನ್ ಬಿಚ್ಚಿ ಬೋರ್ ಮಾಡಿಸಿ (ಸವೆದ ಸಿಲಿಂಡರ್ ಕೊರೆಸಿ) ಎನ್ನುತ್ತಾರೆ, ಇನ್ನೊಬ್ಬರು ಬೇರೆ ಕಾರಿನ ಕಾರ್ಬ್ಯುರೇಟರ್ ಹಾಕಿ ಎನ್ನುತ್ತಾರೆ. ಪವರ್ ಪೆಟ್ರೋಲ್ ಹಾಕಿ ಸೈಲೆನ್ಸರ್ ಬದಲಿಸಿ ಅಂತ ಮೂರನೆಯವರು. ಮಳೆ ಶುರುವಾಗುವ ಮೊದಲು ಅಪ್ಪನನ್ನು ಇದೇ ಕಾರಿನಲ್ಲಿ ಆಗುಂಬೆ ಮೇಲಿಂದ ಶೃಂಗೇರಿಗೆ ಕರೆದುಕೊಂಡು ಹೋಗುವ ಆಸೆ. ಏನು ಮಾಡಲಿ?

ಉತ್ತರ: ನಿಮ್ಮ ಎಂಜಿನ್ ಬಿಚ್ಚಬೇಡಿ. ಸದ್ಯಕ್ಕಂತೂ ಬೇಡ. ನಿಮ್ಮ ಪತ್ರದಲ್ಲಿ ಎರಡು ಸಾಲುಗಳಿವೆ: ಚೋಕ್ ಎಳೆದರೆ ಒಂಚೂರು ಸುಧಾರಿಸುತ್ತದೆ, ಎರಡು ನಿಮಿಷ ನಿಲ್ಲಿಸಿದರೆ ಸರಿಹೋಗುತ್ತದೆ. ಗ್ಯಾರೇಜಿನಲ್ಲಿ ಯಾರೂ ಇವೆರಡನ್ನು ಗಮನವಿಟ್ಟು ಕೇಳಿಸಿಕೊಂಡ ಹಾಗೆ ಕಾಣುವುದಿಲ್ಲ. ಕೇಳಿದ್ದರೆ ಬೋರ್ ಮಾಡಿಸುವ ಮಾತೇ ಬರುತ್ತಿರಲಿಲ್ಲ. ಎಂಜಿನ್‌ಗೆ ಪೆಟ್ರೋಲ್ ಸಾಲುತ್ತಿಲ್ಲ. ಕಾರ್ಬ್ಯುರೇಟರ್ ತನಕ ಬರಬೇಕಾದಷ್ಟು ಬರುತ್ತಿಲ್ಲ ಎಂಬುದು ನನ್ನ ಬಲವಾದ ಅನುಮಾನ. ಏಕೆ ಹಾಗೆ ಅಂತ ಹೇಳುತ್ತೇನೆ. ಪರೀಕ್ಷೆ ಮಾಡಿ ಖಚಿತ ಮಾಡಿಕೊಳ್ಳುವ ದಾರಿಯನ್ನೂ ಹೇಳುತ್ತೇನೆ.

ಮೊದಲು ಒಂದು ತಪ್ಪು ಕಲ್ಪನೆ. ಕಾರು ಹೈ ರೇಸ್ ಹಿಡಿಯುವುದಿಲ್ಲ ಅಂತ ಬರೆದಿದ್ದೀರಿ. ಅಂಬಾಸಿಡರ್‌ನಲ್ಲಿ ಆರ್‌ಪಿಎಂ ಮೀಟರ್ ಇಲ್ಲವಲ್ಲ, ಹಾಗಾಗಿ ಹಾಗೆ ಅನಿಸುವುದು ಸಹಜ. ಆದರೆ ಟಾಪ್ ಗೇರ್‌ನಲ್ಲಿ 60 ಕಿಲೋಮೀಟರ್ ವೇಗದಲ್ಲಿ ಈ ಎಂಜಿನ್ ತಿರುಗುವುದು 2500 ಆರ್‌ಪಿಎಂ ಒಳಗೇ. ಅದು ಹೈ ರೇಸ್ ಅಲ್ಲ, ನಡುವಿನದ್ದು. ನ್ಯೂಟ್ರಲ್‌ನಲ್ಲಿ ನೀವು ಅದಕ್ಕಿಂತ ಎಷ್ಟೋ ಜಾಸ್ತಿ ತಿರುಗಿಸುತ್ತಿದ್ದೀರಿ, ಆಗ ತೊಂದರೆಯೇ ಇಲ್ಲ. ಅಂದರೆ ಎಂಜಿನ್ ಸೋಲುತ್ತಿರುವುದು ವೇಗವಾಗಿ ತಿರುಗುವುದಕ್ಕಲ್ಲ, ಭಾರ ಎಳೆಯುವುದಕ್ಕೆ. ಮಣಿಪಾಲದ ಏರಿನಲ್ಲೂ ಅದೇ ಆಗುತ್ತಿರುವುದು ಇದಕ್ಕೇ.

'ಹಳೆ ಅಂಬಾಸಿಡರ್ ಅಲ್ವಾ, ಇಷ್ಟೇ' ಎನ್ನುವವರ ಮಾತನ್ನೂ ಒಪ್ಪಬೇಡಿ. ನಿಮ್ಮ 1489 ಸಿಸಿ ಎಂಜಿನ್ ಬ್ರಿಟನ್ನಿನ ಬಿಎಂಸಿ ಕಂಪನಿಯ ಬಿ-ಸೀರೀಸ್ ಎಂಜಿನ್. ಇದೇ 1489 ಸಿಸಿ ಎಂಜಿನ್ 1950ರ ದಶಕದ ಎಂಜಿಎ ಸ್ಪೋರ್ಟ್ಸ್ ಕಾರಿನಲ್ಲೂ ಇತ್ತು. ಅಲ್ಲಿ ಎರಡು ಕಾರ್ಬ್ಯುರೇಟರ್ ಮತ್ತು ಬೇರೆ ಟ್ಯೂನಿಂಗ್ ಜೊತೆ 5500 ಆರ್‌ಪಿಎಂ ಸುತ್ತ ತಿರುಗುತ್ತಿತ್ತು. ನಮ್ಮ ಕಾರಿನದ್ದು ಅಷ್ಟು ಚುರುಕಲ್ಲ ನಿಜ. ಆದರೆ ಸರಿಯಾಗಿರುವ ಮಾರ್ಕ್ 3, ಪಡುಬಿದ್ರಿ ಕಡೆಯ ನೇರ ರಸ್ತೆಯಲ್ಲಿ 80ರಲ್ಲಿ ಗೊಣಗದೆ ಓಡಬೇಕು.

ಈಗ ಪೆಟ್ರೋಲ್ ಲೆಕ್ಕ ನೋಡೋಣ. ಐಡ್ಲಿಂಗ್‌ನಲ್ಲಿ ಈ ಎಂಜಿನ್ ಗಂಟೆಗೆ ಒಂದು ಲೀಟರ್ ಆಸುಪಾಸು ಕುಡಿಯುತ್ತದೆ. ಸಮತಟ್ಟು ರಸ್ತೆಯಲ್ಲಿ 60ರಲ್ಲಿ ಹೋಗುವಾಗ, ಲೀಟರಿಗೆ 10 ಕಿಲೋಮೀಟರ್ ಅಂತ ಇಟ್ಟುಕೊಂಡರೆ, ಗಂಟೆಗೆ 6 ಲೀಟರ್. ನಿಮಿಷಕ್ಕೆ 100 ಮಿಲಿ. ಘಾಟಿಯಲ್ಲಿ ಪೂರ್ತಿ ಒತ್ತಿ ಹತ್ತಿಸಿದರೆ ಗಂಟೆಗೆ 15 ಲೀಟರ್ ಹತ್ತಿರ, ಅಂದರೆ ನಿಮಿಷಕ್ಕೆ ಕಾಲು ಲೀಟರ್. ಊರೊಳಗೆ ಚೆನ್ನಾಗಿ ಓಡುವ ಕಾರು ಹೈವೇಯಲ್ಲಿ ಸೋಲುವುದರ ಗುಟ್ಟು ಇಲ್ಲಿದೆ. ಪೈಪಿನಲ್ಲಿ ನಿಮಿಷಕ್ಕೆ 80 ಮಿಲಿ ಮಾತ್ರ ಬರುತ್ತಿದ್ದರೆ ಸಂತೆಕಟ್ಟೆಯ ಟ್ರಾಫಿಕ್ಕಿನಲ್ಲಿ ಅದು ಧಾರಾಳ. 60 ದಾಟಿದ ಕೂಡಲೇ ಸಾಲದು. ನ್ಯೂಟ್ರಲ್‌ನಲ್ಲಿ ರೇಸ್ ಮಾಡುವಾಗ ಎಂಜಿನ್ ತನ್ನನ್ನು ತಾನು ತಿರುಗಿಸಿಕೊಂಡರೆ ಸಾಕು, ಅದಕ್ಕೆ ಬೇಕಾದ ಪೆಟ್ರೋಲ್ ಬಹಳ ಕಡಿಮೆ. ಹಾಗಾಗಿ ಗ್ಯಾರೇಜಿನ ಅಂಗಳದಲ್ಲಿ ಬಾನೆಟ್ ತೆಗೆದು ರೇಸ್ ಮಾಡಿ 'ಎಲ್ಲ ಸರಿ ಇದೆ' ಎಂದರೆ ಅದಕ್ಕೆ ಅರ್ಥವಿಲ್ಲ. ಈ ತೊಂದರೆಯನ್ನು ರಸ್ತೆಯಲ್ಲೇ ಹಿಡಿಯಬೇಕು.

ಎರಡನೆಯ ಸಾಕ್ಷಿ ಚೋಕ್. ಎಸ್‌ಯು ಕಾರ್ಬ್ಯುರೇಟರ್‌ನಲ್ಲಿ ಚೋಕ್ ಎಳೆದರೆ ಗಾಳಿಯ ಬಾಯಿ ಮುಚ್ಚುವುದಿಲ್ಲ. ಅಡಿಯಲ್ಲಿರುವ ಜೆಟ್, ಅಂದರೆ ಪೆಟ್ರೋಲ್ ಬರುವ ಸಣ್ಣ ಕೊಳವೆ, ಸ್ವಲ್ಪ ಕೆಳಗೆ ಇಳಿಯುತ್ತದೆ. ಅದರೊಳಗೆ ನಿಂತ ಸೂಜಿ ಚೂಪಾಗುತ್ತಾ ಹೋಗುವುದರಿಂದ ಸುತ್ತಲಿನ ಸಂದಿ ಅಗಲವಾಗಿ ಪೆಟ್ರೋಲ್ ಜಾಸ್ತಿ ಬರುತ್ತದೆ. ಚೋಕ್‌ನಿಂದ ಸುಧಾರಿಸಿತು ಎಂದರೆ ಎಂಜಿನ್ ಪೆಟ್ರೋಲ್ ಕಡಿಮೆಯಾಗಿ ಬಳಲುತ್ತಿದೆ ಎಂದೇ ಅರ್ಥ. ಸೈಲೆನ್ಸರ್ ಕಟ್ಟಿದ್ದರೆ ಚೋಕ್ ಎಳೆದಾಗ ಇನ್ನೂ ಹದಗೆಡಬೇಕಿತ್ತು.

ಇಲ್ಲಿ 'ಪೂರ್ತಿ ಅಲ್ಲ' ಎಂದು ನೀವು ಬರೆದದ್ದು ಬಹಳ ಉಪಯೋಗಕ್ಕೆ ಬಂತು. ಬರೀ ಟ್ಯೂನಿಂಗ್ ತಪ್ಪಿ ಮಿಶ್ರಣ ತೆಳುವಾಗಿದ್ದರೆ ಚೋಕ್ ಸ್ವಲ್ಪ ಎಳೆದಾಗ ಕಾರು ಪೂರ್ತಿ ಸರಿಹೋಗಬೇಕು, ಹಾಗೇ ಓಡುತ್ತಿರಬೇಕು. ನಿಮ್ಮದರಲ್ಲಿ ಅರ್ಧಂಬರ್ಧ ಆಗುತ್ತಿದೆ. ಕಾರ್ಬ್ಯುರೇಟರ್ ಪಕ್ಕದಲ್ಲಿ ಪೆಟ್ರೋಲ್ ತುಂಬಿಕೊಳ್ಳುವ ಫ್ಲೋಟ್ ಬೌಲ್‌ನಲ್ಲೇ ಪೆಟ್ರೋಲ್ ಮಟ್ಟ ಇಳಿಯುತ್ತಾ ಹೋದರೆ ಹೀಗಾಗುತ್ತದೆ. ಬೌಲ್‌ನಲ್ಲೇ ಇಲ್ಲದ ಮೇಲೆ ಜೆಟ್ ಎಷ್ಟು ಅಗಲ ಮಾಡಿದರೂ ಎಲ್ಲಿಂದ ಬರಬೇಕು? ಇನ್ಲೆಟ್ ಮ್ಯಾನಿಫೋಲ್ಡ್‌ನ ಪ್ಯಾಕಿಂಗ್ ಹೋಗಿ ಗಾಳಿ ಎಳೆಯುತ್ತಿದ್ದರೂ ಮಿಶ್ರಣ ತೆಳುವಾಗುತ್ತದೆ. ಆದರೆ ಅದು ಮೊದಲು ಕೆಡಿಸುವುದು ಐಡ್ಲಿಂಗನ್ನು, ನಿಮ್ಮದು ಚೆನ್ನಾಗಿದೆ.

ಮೂರನೆಯದು ಆ ಎರಡು ನಿಮಿಷ. ನಿಂತಾಗ ಬೌಲ್ ಮತ್ತೆ ತುಂಬಿಕೊಳ್ಳುತ್ತದೆ, ಅದು ಒಂದು. ಇನ್ನೊಂದು, ಟ್ಯಾಂಕಿನೊಳಗೆ ನಡೆಯುವುದು. ಎರಡು ಮಳೆಗಾಲ ಅರೆಬರೆ ಪೆಟ್ರೋಲ್‌ನೊಂದಿಗೆ ನಿಂತ ಟ್ಯಾಂಕಿನಲ್ಲಿ ತುಕ್ಕಿನ ಪದರಗಳು ಏಳುತ್ತವೆ. ನಮ್ಮ ಕರಾವಳಿಯ ಒದ್ದೆ ಗಾಳಿಯಲ್ಲಿ ಖಾಲಿ ಭಾಗದ ಒಳಗೋಡೆಯಲ್ಲಿ ನೀರು ಬೆವರಿ ಇಳಿಯುತ್ತದೆ, ತುಕ್ಕು ಅಲ್ಲಿಂದಲೇ ಶುರು. ಕಾರು ಓಡುವಾಗ ಪಂಪ್ ಎಳೆಯುವ ರಭಸಕ್ಕೆ ಈ ಚಕ್ಕೆಗಳು ಪೈಪಿನ ಬಾಯಿಗೆ ಬಂದು ಅಂಟಿಕೊಳ್ಳುತ್ತವೆ, ಬೊಂಡ ಕುಡಿಯುವಾಗ ಎಳೆ ತಿರುಳು ಸ್ಟ್ರಾದ ತುದಿಗೆ ಅಂಟಿಕೊಂಡ ಹಾಗೆ. ಎಳೆಯುವುದು ನಿಂತ ಮೇಲೆ ಚಕ್ಕೆ ಕಳಚಿ ಕೆಳಗೆ ಬೀಳುತ್ತದೆ. ಮತ್ತೆ ಕೆಲವು ಕಿಲೋಮೀಟರ್ ಸರಿ. ಕಾಯಿಲ್ ಬಿಸಿಯಾಗಿ ಸೋಲುವುದಾದರೆ ಎರಡು ನಿಮಿಷದಲ್ಲಿ ತಣ್ಣಗಾಗುವುದಿಲ್ಲ, ಅದಕ್ಕೆ ಇನ್ನೂ ಹೆಚ್ಚು ಹೊತ್ತು ಬೇಕು.

ಇನ್ನು ಪರೀಕ್ಷೆಗಳು. ದುಡ್ಡು ಬೇಡದವುಗಳಿಂದ ಶುರು ಮಾಡಿ.

ಕಾರು ನಿಲ್ಲಿಸಿ ಒಬ್ಬರು ಆಕ್ಸಿಲೇಟರನ್ನು ಪೂರ್ತಿ ಒತ್ತಿ ಹಿಡಿಯಲಿ. ಏರ್ ಫಿಲ್ಟರ್ ತೆಗೆದು, ಕಾರ್ಬ್ಯುರೇಟರ್‌ನ ಥ್ರಾಟಲ್ (ಪೆಡಲ್ ಒತ್ತಿದಾಗ ತಿರುಗುವ ತಗಡು) ನಿಜವಾಗಿ ಪೂರ್ತಿ ತೆರೆಯುತ್ತದೆಯೇ ಎಂದು ನೋಡಿ. ರಸ್ತೆಗೆ ಇಳಿಸುವ ಉತ್ಸಾಹದಲ್ಲಿ ದಪ್ಪ ಮ್ಯಾಟ್ ಹಾಕಿದ್ದರೆ ಪೆಡಲ್ ಅರ್ಧಕ್ಕೇ ನಿಲ್ಲುತ್ತದೆ. ನಿಮ್ಮ ಲಕ್ಷಣಕ್ಕೆ ಇದು ಹೊಂದುವುದಿಲ್ಲ, ಆದರೂ ಒಂದು ನಿಮಿಷದ ಕೆಲಸ, ನೋಡಿಬಿಡಿ.

ಆಮೇಲೆ ಪೆಟ್ರೋಲ್ ಮುಚ್ಚಳ. ಜರ್ಕ್ ಶುರುವಾದ ಕೂಡಲೇ ಬದಿಗೆ ಹಾಕಿ, ಎಂಜಿನ್ ಬಂದ್ ಮಾಡಿ ಮುಚ್ಚಳ ತೆಗೆಯಿರಿ. 'ಸುಂಯ್' ಎಂದು ಗಾಳಿ ಒಳಗೆ ಹೋದ ಸದ್ದು ಬಂದರೆ ಟ್ಯಾಂಕಿಗೆ ಉಸಿರಾಡುವ ದಾರಿ ಮುಚ್ಚಿದೆ. ಪೆಟ್ರೋಲ್ ಖರ್ಚಾದಷ್ಟು ಗಾಳಿ ಒಳಗೆ ಬರದಿದ್ದರೆ ಪಂಪ್ ಎಷ್ಟು ಎಳೆದರೂ ಪ್ರಯೋಜನವಿಲ್ಲ. ಶೆಡ್ಡಿನಲ್ಲಿ ನಿಂತ ಗಾಡಿಯ ಸಣ್ಣ ತೂತುಗಳಲ್ಲಿ ಕುಂಬಾರ ಹುಳ ಮಣ್ಣಿನ ಗೂಡು ಕಟ್ಟುವುದು ನಮ್ಮಲ್ಲಿ ಮಾಮೂಲು. ಮುಚ್ಚಳದಲ್ಲಿರುವ ಅಥವಾ ಟ್ಯಾಂಕಿನ ಮೇಲಿರುವ ಗಾಳಿಯ ದಾರಿಯನ್ನು ತೆಳು ತಂತಿಯಿಂದ ಬಿಡಿಸಿ ನೋಡಿ.

ಪಂಪ್‌ಗೆ ಮೊದಲು ಪಾರದರ್ಶಕ ಫಿಲ್ಟರ್ ಒಂದನ್ನು ಹಾಕಿಸಿ, ಎಂಜಿನ್ ಓಡುವಾಗ ಗಮನಿಸಿ. ಫಿಲ್ಟರ್ ಪೂರ್ತಿ ತುಂಬಿರಬೇಕೆಂದೇನಿಲ್ಲ, ಅರ್ಧ ಇದ್ದರೂ ತೊಂದರೆ ಇಲ್ಲ. ನೋಡಬೇಕಾದದ್ದು ಗುಳ್ಳೆ. ಸಣ್ಣ ಗುಳ್ಳೆಗಳು ಸಾಲಾಗಿ ಒಂದೇ ಸಮನೆ ಬರುತ್ತಿದ್ದರೆ ಟ್ಯಾಂಕ್ ಕಡೆಯ ರಬ್ಬರ್ ಪೈಪ್ ಎಲ್ಲೋ ಸೀಳಿದೆ. ಇಲ್ಲಿ ಬಹಳ ಮಂದಿ ಎಡವುತ್ತಾರೆ. ಪೆಟ್ರೋಲ್ ತೊಟ್ಟಿಕ್ಕುತ್ತಿಲ್ಲ, ಹಾಗಾಗಿ ಪೈಪ್ ಸರಿ ಇದೆ ಎಂದುಕೊಳ್ಳುತ್ತಾರೆ. ಪಂಪ್‌ಗೆ ಮೊದಲಿನ ಪೈಪಿನಲ್ಲಿ ಇರುವುದು ಎಳೆತ, ಒತ್ತಡವಲ್ಲ. ಅಲ್ಲಿ ಸೀಳಿದ ಪೈಪ್ ಪೆಟ್ರೋಲನ್ನು ಹೊರಗೆ ಬಿಡುವ ಬದಲು ಗಾಳಿಯನ್ನು ಒಳಗೆ ಎಳೆಯುತ್ತದೆ. ಅದೇ ಫಿಲ್ಟರ್‌ನಲ್ಲಿ ಕೆಂಪು ಪುಡಿ ಕೂತರೆ ಟ್ಯಾಂಕಿನ ಕಥೆ ತಾನಾಗಿಯೇ ಗೊತ್ತಾಗುತ್ತದೆ.

ಕೊನೆಯ ಮಾತು ಹೇಳುವ ಪರೀಕ್ಷೆ ಪ್ರೆಶರ್ ಗೇಜ್. ಕಾರ್ಬ್ಯುರೇಟರ್‌ಗೆ ಹೋಗುವ ಪೈಪಿನಲ್ಲಿ ಒಂದು ಟಿ ಹಾಕಿ ಕಡಿಮೆ ಒತ್ತಡದ ಗೇಜ್ ಜೋಡಿಸಿ, ಅದನ್ನು ಬಾನೆಟ್ ಹೊರಗೆ ಗಾಜಿನ ಮುಂದೆ ಕಾಣುವಂತೆ ಕಟ್ಟಿ ರಸ್ತೆಗೆ ಹೋಗುವುದು. ಮುಳ್ಳು 2ರಿಂದ 3 ಪಿಎಸ್‌ಐ ನಡುವೆ ನಿಂತಿರಬೇಕು. 60 ದಾಟುವಾಗ ಅದು ಸೊನ್ನೆಯ ಕಡೆ ಇಳಿದು, ಹಿಂದೆಯೇ ಜರ್ಕ್ ಶುರುವಾದರೆ ಸಂಶಯವೇ ಬೇಡ. ಇಳಿಯದೆ ಜರ್ಕ್ ಬಂದರೆ ನನ್ನ ಅನುಮಾನ ತಪ್ಪು, ಕಾರ್ಬ್ಯುರೇಟರ್ ಒಳಗೆ ಅಥವಾ ಇಗ್ನಿಷನ್ ಕಡೆ ಹುಡುಕಬೇಕು. ಇದನ್ನು ನೀವೇ ಮಾಡಬೇಡಿ. ಬಿಸಿ ಎಂಜಿನ್ ಮೇಲೆ ಪೆಟ್ರೋಲ್ ಪೈಪ್ ಬಿಚ್ಚಿ ಜೋಡಿಸುವ ಕೆಲಸ ಇದು. ಗೊತ್ತಿರುವ ಮೆಕ್ಯಾನಿಕ್ ಜೊತೆಗಿರಲಿ, ಕ್ಲಿಪ್ ಬಿಗಿಯಾಗಿರಲಿ, ಕಾರಿನಲ್ಲಿ ಬೆಂಕಿ ನಂದಿಸುವ ಸಿಲಿಂಡರ್ ಇರಲಿ. ಓಡಿಸುವವರು ರಸ್ತೆ ನೋಡಲಿ, ಗೇಜ್ ನೋಡಲು ಇನ್ನೊಬ್ಬರು ಬೇಕು.

ಪಂಪ್ ಬಗ್ಗೆ ಒಂದು ಎಚ್ಚರಿಕೆ, ಇದನ್ನು ಇವತ್ತೇ ನೋಡಿ. ಆಯಿಲ್ ಡಿಪ್‌ಸ್ಟಿಕ್ ಎಳೆದು ಮೂಸಿ. ಪೆಟ್ರೋಲ್ ವಾಸನೆ ಬಂದರೆ, ಅಥವಾ ಆಯಿಲ್ ಹಾಕದೆಯೂ ಮಟ್ಟ ಏರಿದ್ದರೆ ಪಂಪ್‌ನ ಡಯಾಫ್ರಂ (ಒಳಗಿನ ರಬ್ಬರ್ ಪೊರೆ) ಹರಿದು ಪೆಟ್ರೋಲ್ ಎಂಜಿನ್ ಒಳಗೆ ಇಳಿಯುತ್ತಿದೆ. ಆಯಿಲ್ ತೆಳುವಾದರೆ ಬೇರಿಂಗ್ ಹೋಗುತ್ತದೆ. ಹಾಗೇನಾದರೂ ಕಂಡರೆ ಪಂಪ್ ಮತ್ತು ಆಯಿಲ್ ಬದಲಿಸುವ ತನಕ ಕಾರು ಸ್ಟಾರ್ಟ್ ಮಾಡಲೇಬೇಡಿ.

ಈ ಡಯಾಫ್ರಂ ಮಾತು ಬಂದಾಗ ಇ20 ಪೆಟ್ರೋಲ್ ವಿಷಯ ಹೇಳಲೇಬೇಕು. ಶೇಕಡಾ 20 ಎಥನಾಲ್ ಬೆರೆತ ಪೆಟ್ರೋಲ್ 2023ರಿಂದ ಬಂಕ್‌ಗಳಿಗೆ ಬರತೊಡಗಿತು, ಈಗ ಸಾದಾ ಪೆಟ್ರೋಲ್ ಎಂದರೆ ಹೆಚ್ಚುಕಮ್ಮಿ ಅದೇ. 1978ರ ಕಾರಿನ ರಬ್ಬರ್ ಭಾಗಗಳನ್ನು ಅದಕ್ಕಾಗಿ ಮಾಡಿದ್ದಲ್ಲ. ಎಥನಾಲ್ ತಾಗಿ ಹಳೆಯ ರಬ್ಬರ್ ಕೆಲವು ಕಡೆ ಉಬ್ಬುತ್ತದೆ, ಕೆಲವು ಕಡೆ ಗಟ್ಟಿಯಾಗಿ ಸೀಳುತ್ತದೆ. ವರ್ಷಗಟ್ಟಲೆ ಟ್ಯಾಂಕಿಗೆ ಅಂಟಿಕೊಂಡಿದ್ದ ಗಸಿಯನ್ನು ಅದು ಕರಗಿಸಿ ಕಾರ್ಬ್ಯುರೇಟರ್‌ಗೆ ತರುತ್ತದೆ. ನೀವು ಎರಡು ಸಲ ತೊಳೆಸಿದರೂ ಮತ್ತೆ ಅದೇ ಆಗುತ್ತಿರುವುದಕ್ಕೆ ಇದೂ ಕಾರಣ ಇರಬಹುದು: ಕೊಳೆ ಹುಟ್ಟುವ ಜಾಗ ಬಿಟ್ಟು ಕೊಳೆ ತಲುಪುವ ಜಾಗವನ್ನೇ ತೊಳೆಯುತ್ತಿದ್ದೀರಿ. ಎಥನಾಲ್ ನೀರನ್ನೂ ಹೀರುತ್ತದೆ. ಮಿತಿ ಮೀರಿದರೆ ನೀರು ಮತ್ತು ಎಥನಾಲ್ ಒಟ್ಟಿಗೆ ಬೇರ್ಪಟ್ಟು ಟ್ಯಾಂಕಿನ ತಳಕ್ಕೆ ಇಳಿಯುತ್ತವೆ. ಪೈಪ್ ಎಳೆಯುವುದು ಆ ತಳದಿಂದಲೇ.

ಇನ್ನೊಂದು ವಿಷಯ. ಒಂದು ಕಿಲೋ ಪೆಟ್ರೋಲ್ ಸರಿಯಾಗಿ ಉರಿಯಲು 14.7 ಕಿಲೋ ಗಾಳಿ ಬೇಕು, ಒಂದು ಕಿಲೋ ಎಥನಾಲ್‌ಗೆ 9 ಕಿಲೋ ಸಾಕು. ಅಂದರೆ ಅಷ್ಟೇ ಗಾಳಿಗೆ ಇ20 ಸುಮಾರು ಶೇಕಡಾ 8ರಷ್ಟು ಜಾಸ್ತಿ ಹೋಗಬೇಕು. ಹೊಸ ಕಾರುಗಳಲ್ಲಿ ಕಂಪ್ಯೂಟರ್ ಇದನ್ನು ಸರಿದೂಗಿಸುತ್ತದೆ, ನಿಮ್ಮ ಕಾರಿನಲ್ಲಿ ಸ್ಪ್ಯಾನರ್ ಹಿಡಿದು ನಾವೇ ಮಾಡಬೇಕು. ಎಸ್‌ಯುನಲ್ಲಿ ಅದು ಸುಲಭ. ಜೆಟ್ ಕೆಳಗಿನ ನಟ್ಟನ್ನು ಒಂದೊಂದೇ ಮುಖದಷ್ಟು ಕೆಳಗೆ ತಿರುಗಿಸಿ, ಓಡಿಸಿ, ಪ್ಲಗ್ ಬಣ್ಣ ನೋಡುವುದು. ಪ್ಲಗ್ ತುದಿ ಬಿಳಿಚಿಕೊಂಡಿದ್ದರೆ ಪೆಟ್ರೋಲ್ ಕಡಿಮೆ, ತೆಳು ಕಂದು ಬಣ್ಣ ಬಂದರೆ ಸರಿ. ಆದರೆ ಪೆಟ್ರೋಲ್ ಸರಿಯಾಗಿ ಬರುವಂತೆ ಮಾಡುವ ಮೊದಲು ಈ ನಟ್ ಮುಟ್ಟಬೇಡಿ. ಈಗ ಟ್ಯೂನ್ ಮಾಡಿ, ಆಮೇಲೆ ಟ್ಯಾಂಕ್ ತೊಳೆಸಿದರೆ ಎಂಜಿನ್ ಕಪ್ಪು ಹೊಗೆ ಬಿಡುತ್ತದೆ.

ಪವರ್ ಪೆಟ್ರೋಲ್ ಸಲಹೆ ಪಕ್ಕಕ್ಕಿಡಿ. ಜಾಸ್ತಿ ಆಕ್ಟೇನ್ ಬೇಕಾಗುವುದು ಜಾಸ್ತಿ ಕಂಪ್ರೆಷನ್ ಇರುವ ಎಂಜಿನ್‌ಗೆ. ನಿಮ್ಮದು ಹಳೆಯ ಕಾಲದ ಕಡಿಮೆ ಕಂಪ್ರೆಷನ್ ಎಂಜಿನ್. ಸೈಲೆನ್ಸರ್ ಕೂಡ ಹಾಗೆಯೇ ಇರಲಿ. ಉಪ್ಪುಗಾಳಿಗೆ ಒಳಗಿನ ತಗಡು ಕಳಚಿ ದಾರಿ ಮುಚ್ಚುವುದುಂಟು, ನಾನು ಕಂಡಿದ್ದೇನೆ. ಆದರೆ ಚೋಕ್‌ನ ಸಾಕ್ಷಿ ಅದನ್ನು ಆಗಲೇ ತಳ್ಳಿಹಾಕಿದೆ.

ಬೇರೆ ಕಾರಿನ ಕಾರ್ಬ್ಯುರೇಟರ್ ಹಾಕುವುದಕ್ಕೆ ನನ್ನ ವಿರೋಧವಿದೆ. ಅಡಾಪ್ಟರ್ ಪ್ಲೇಟ್ ಮಾಡಿಸಬೇಕು, ಥ್ರಾಟಲ್ ಲಿಂಕ್ ಬದಲಿಸಬೇಕು, ಜೆಟ್ ಹೊಂದಿಸುವುದರಲ್ಲಿ ತಿಂಗಳುಗಳು ಹೋಗುತ್ತವೆ. ಎಲ್ಲ ಆದ ಮೇಲೂ ಟ್ಯಾಂಕಿನಿಂದ ಬರುವುದು ಅದೇ 80 ಮಿಲಿ. ಎಸ್‌ಯು ಸರಳವಾದ, ಬಾಳಿಕೆ ಬರುವ ವಸ್ತು. ಅದರಲ್ಲಿ ನೋಡಬೇಕಾದದ್ದು ಮುಖ್ಯವಾಗಿ ಒಂದು. ಮೇಲಿನ ಗುಮ್ಮಟದೊಳಗಿನ ಪಿಸ್ಟನನ್ನು ಬೆರಳಿನಿಂದ ಎತ್ತಿ ಬಿಡಿ. ಮೆಲ್ಲನೆ ಎದ್ದು, ಬಿಟ್ಟಾಗ ಎಲ್ಲೂ ಸಿಕ್ಕಿಕೊಳ್ಳದೆ ಕೆಳಗಿಳಿದು 'ಟಕ್' ಎಂದು ಕೂರಬೇಕು. ಸಿಕ್ಕಿಕೊಂಡರೆ ಗುಮ್ಮಟವನ್ನೂ ಪಿಸ್ಟನನ್ನೂ ಪೆಟ್ರೋಲ್ ಅದ್ದಿದ ಬಟ್ಟೆಯಿಂದ ಒರೆಸಿ, ಅಷ್ಟೇ. ಎಮರಿ ಪೇಪರ್ ಹಿಡಿದು ಉಜ್ಜಲು ಯಾರಿಗೂ ಬಿಡಬೇಡಿ. ಅವೆರಡೂ ಒಂದಕ್ಕೊಂದು ಹೊಂದಿಸಿ ಮಾಡಿದ ಜೋಡಿ, ಒಂದು ಎಳೆ ಸವೆದರೂ ಗಾಳಿ ಸೋರುತ್ತದೆ. ನಡುವಿನ ಕೊಳವೆಗೆ ತೆಳು ಎಂಜಿನ್ ಆಯಿಲ್ ಹಾಕಬೇಕು. ಆ ಆಯಿಲ್ ಇಲ್ಲದಿದ್ದರೆ ಪೆಡಲ್ ತಟ್ಟನೆ ಒತ್ತಿದಾಗ ಒಂದು ಕ್ಷಣ ಮುಗ್ಗರಿಸುತ್ತದೆ. ನಿಮ್ಮ ತೊಂದರೆ ಅದಲ್ಲ.

ಇಗ್ನಿಷನ್ ಕಡೆ ಎಲ್ಲ ಹೊಸತು ಹಾಕಿದ್ದೀರಿ. ಆದರೆ ಹೊಸತು ಎಂದ ಮಾತ್ರಕ್ಕೆ ಸರಿ ಇದೆ ಅಂತಲ್ಲ. ನಾಲ್ಕು ಸಿಲಿಂಡರ್ ಎಂಜಿನ್ 3000 ಆರ್‌ಪಿಎಂನಲ್ಲಿ ತಿರುಗುವಾಗ ಪಾಯಿಂಟ್ ಸೆಕೆಂಡಿಗೆ 100 ಸಲ ತೆರೆದು ಮುಚ್ಚಬೇಕು. ಸ್ಪ್ರಿಂಗ್ ಸಡಿಲವಿರುವ ಅಗ್ಗದ ಪಾಯಿಂಟ್‌ಗೆ ಅದು ಆಗುವುದಿಲ್ಲ. ಇವತ್ತು ಸಿಗುವ ಕೆಲವು ಕಂಡೆನ್ಸರ್‌ಗಳು ಹಳೆಯದಕ್ಕಿಂತ ಬೇಗ ಹೋಗುತ್ತವೆ. ಹಾಗಾಗಿ ಬಿಚ್ಚಿದ ಹಳೆಯ ಭಾಗಗಳನ್ನು ಎಸೆಯಬೇಡಿ. ಪಾಯಿಂಟ್ ಗ್ಯಾಪ್ 0.35ರಿಂದ 0.40 ಮಿಲಿಮೀಟರ್, ಪ್ಲಗ್ ಗ್ಯಾಪ್ 0.6 ಮಿಲಿಮೀಟರ್ ಸುತ್ತ ಇರಲಿ. ಜೊತೆಗೆ ಡಿಸ್ಟ್ರಿಬ್ಯೂಟರ್ ಮುಚ್ಚಳ ತೆಗೆದು ರೋಟರನ್ನು ಅದು ತಿರುಗುವ ದಿಕ್ಕಿನಲ್ಲಿ ಸ್ವಲ್ಪ ತಿರುಗಿಸಿ ಬಿಡಿ. ತಾನಾಗಿ ಹಿಂದಕ್ಕೆ ಬರಬೇಕು. ಬರದಿದ್ದರೆ ತಳದಲ್ಲಿರುವ ಅಡ್ವಾನ್ಸ್ ತೂಕಗಳು ತುಕ್ಕು ಹಿಡಿದು ಕೂತಿವೆ. ವೇಗ ಏರಿದಂತೆ ಕಿಡಿ ಬೇಗ ಬೀಳುವಂತೆ ಮಾಡುವುದು ಅವೇ. ಅವು ಅಂಟಿಕೊಂಡರೆ ಎಂಜಿನ್ ಮಂಕಾಗುತ್ತದೆ, ಬಿಸಿಯೂ ಜಾಸ್ತಿ. ಎರಡು ಮಳೆಗಾಲ ನಿಂತ ಕಾರಿನಲ್ಲಿ ಇದನ್ನು ನೋಡದೆ ಬಿಡಬಾರದು. ಒಂದೆರಡು ಹನಿ ಆಯಿಲ್, ಸ್ವಲ್ಪ ತಾಳ್ಮೆ, ಸಾಮಾನ್ಯವಾಗಿ ಬಿಟ್ಟುಕೊಳ್ಳುತ್ತವೆ.

ಇಗ್ನಿಷನ್ ಮಿಸ್ಸಿಂಗ್ ಮತ್ತು ಪೆಟ್ರೋಲ್ ಕೊರತೆ ಕಾಲಿಗೇ ಬೇರೆ ಬೇರೆ ಗೊತ್ತಾಗುತ್ತವೆ. ಕಿಡಿ ತಪ್ಪಿದರೆ ಪೆಟ್ಟು ಚುರುಕು, ತಟ್ಟನೆ ಕಡಿದ ಹಾಗೆ, ಸೈಲೆನ್ಸರ್‌ನಲ್ಲಿ ಪಟಾಕಿ ಸದ್ದು. ಪೆಟ್ರೋಲ್ ಕಡಿಮೆಯಾದರೆ ಮೊದಲು ದಮ್ ಇಳಿಯುತ್ತದೆ, ಆಮೇಲೆ ಜರ್ಕ್, ಕೆಲವೊಮ್ಮೆ ಕಾರ್ಬ್ಯುರೇಟರ್ ಬಾಯಿಂದ 'ಪುಫ್' ಎಂದು ಸೀನುತ್ತದೆ. 'ಮೊದಲು ಮಂಕಾಗುತ್ತದೆ, ಆಮೇಲೆ ಜರ್ಕ್' ಎಂದೇ ನೀವು ಬರೆದಿದ್ದೀರಿ.

ಎಂಜಿನ್ ಬೋರ್ ಮಾಡಿಸುವ ಮಾತು ಉಳಿಯಿತು. ರಿಂಗ್, ಬೋರ್ ಸವೆದ ಎಂಜಿನ್ ನೀಲಿ ಹೊಗೆ ಬಿಡುತ್ತದೆ, ಆಯಿಲ್ ಕುಡಿಯುತ್ತದೆ, ಎಲ್ಲ ವೇಗದಲ್ಲೂ ಸೋಮಾರಿಯಾಗಿರುತ್ತದೆ. ಎರಡು ನಿಮಿಷ ನಿಂತರೆ ಅದರ ಬೋರ್ ಸರಿಹೋಗುವುದಿಲ್ಲ! ಹಾಗಿದ್ದೂ ನಿಮ್ಮ ಮನಸ್ಸಿನ ಸಮಾಧಾನಕ್ಕೆ ಒಂದು ಕಂಪ್ರೆಷನ್ ಟೆಸ್ಟ್ ಮಾಡಿಸಿ. ಎಂಜಿನ್ ಬಿಸಿಯಾಗಿರಬೇಕು, ನಾಲ್ಕೂ ಪ್ಲಗ್ ತೆಗೆದಿರಬೇಕು, ಥ್ರಾಟಲ್ ಪೂರ್ತಿ ತೆರೆದಿರಬೇಕು. ನಾಲ್ಕು ಸಿಲಿಂಡರ್‌ಗಳ ಅಂಕೆ ಶೇಕಡಾ 10ರ ಒಳಗೆ ಹತ್ತಿರ ಇದ್ದರೆ ಎಂಜಿನ್ ಕೆಲಸದ ಮಾತು ಎತ್ತುವ ಅಗತ್ಯವೇ ಇಲ್ಲ. ಒಂದರಲ್ಲಿ ಮಾತ್ರ ಕಡಿಮೆ ಬಂದರೂ ಹೆದರಬೇಡಿ, ಮೊದಲು ಟ್ಯಾಪೆಟ್ (ವಾಲ್ವ್ ಮೇಲಿನ ಸಂದಿ) ನೋಡಿಸಿ. ನಮ್ಮ ದೇಶದಲ್ಲಿ 2000ನೇ ಇಸವಿಯಲ್ಲಿ ವಾಲ್ವ್ ಸೀಟನ್ನು ಕಾಯುತ್ತಿದ್ದ ಸೀಸದ ಪೆಟ್ರೋಲ್ ನಿಂತ ಮೇಲೆ ಇಂಥ ಹಳೆಯ ಹೆಡ್‌ಗಳಲ್ಲಿ ವಾಲ್ವ್ ಸೀಟು ನಿಧಾನವಾಗಿ ಸವೆದು ವಾಲ್ವ್ ಮೇಲೇರುತ್ತದೆ, ಟ್ಯಾಪೆಟ್ ಗ್ಯಾಪ್ ಮುಚ್ಚಿಕೊಳ್ಳುತ್ತದೆ. ಈ ಎಂಜಿನ್‌ಗೆ ಸಾಮಾನ್ಯವಾಗಿ 15 ಥೌ (ಇಂಚಿನ ಸಾವಿರದಲ್ಲಿ 15 ಭಾಗ), ಅಂದರೆ 0.38 ಮಿಲಿಮೀಟರ್ ಇಡುತ್ತಾರೆ. ನಿಮ್ಮ ಕಾರಿನ ಪುಸ್ತಕದಲ್ಲಿ ಬೇರೆ ಅಳತೆ ಇದ್ದರೆ ಅದನ್ನೇ ಹಿಡಿಯಿರಿ.

ಪರೀಕ್ಷೆಯಲ್ಲಿ ಪೆಟ್ರೋಲ್ ದಾರಿಯೇ ತಪ್ಪೆಂದು ಖಚಿತವಾದರೆ ಮೊದಲ ಕೆಲಸ ಟ್ಯಾಂಕ್ ಇಳಿಸುವುದು. ಇಳಿಸದೆ ಮೇಲಿಂದಲೇ ತೊಳೆಯುವುದು ದುಡ್ಡು ದಂಡ. ತಳದ ಚಕ್ಕೆಗಳು ಹೊರಬರಲು ಟ್ಯಾಂಕನ್ನು ಮಗುಚಿ ಕುಲುಕಬೇಕು. ತುಕ್ಕು ತೆಗೆಯುವ ದ್ರಾವಣ ಹಾಕಿದ ಮೇಲೆ ಅಡುಗೆ ಸೋಡಾ ಕರಗಿಸಿದ ನೀರಿನಲ್ಲಿ ತೊಳೆದು ಪೂರ್ತಿ ಒಣಗಿಸಬೇಕು. ಈ ಕೆಲಸ ಬಿಸಿಲಿರುವಾಗಲೇ ಮುಗಿಸಿ. ಜೂನ್ ಬಂದ ಮೇಲೆ ನಮ್ಮಲ್ಲಿ ಬಟ್ಟೆಯೇ ಒಣಗುವುದಿಲ್ಲ, ಟ್ಯಾಂಕಿನ ಒಳಭಾಗ ಎಲ್ಲಿ ಒಣಗಬೇಕು? ಒಳಗೆ ಬಳಿಯುವ ಕೋಟಿಂಗ್ ಬಗ್ಗೆ ನನಗೆ ಅಷ್ಟು ಒಲವಿಲ್ಲ. ಸ್ವಲ್ಪ ತೇವ ಅಥವಾ ಎಣ್ಣೆ ಉಳಿದಿದ್ದರೂ ಮುಂದೆ ಅದು ಹಾಳೆ ಹಾಳೆಯಾಗಿ ಎದ್ದು ತುಕ್ಕಿಗಿಂತ ಜಾಸ್ತಿ ತೊಂದರೆ ಕೊಡುತ್ತದೆ. ಸಣ್ಣ ತೂತುಗಳಿದ್ದರೆ ಮಾತ್ರ, ಇ20 ತಡೆಯುವ ಕೋಟಿಂಗ್ ಎಂದು ಖಚಿತ ಮಾಡಿಕೊಂಡು ಹಾಕಿಸಿ. ಮತ್ತೊಂದು ಮಾತು: ತೂತಿಗೆ ಗ್ಯಾಸ್ ವೆಲ್ಡಿಂಗ್ ಮಾಡಿಸುತ್ತೇವೆ ಎಂದು ಯಾರಾದರೂ ಹೊರಟರೆ ತಡೆಯಿರಿ. ಖಾಲಿ ಪೆಟ್ರೋಲ್ ಟ್ಯಾಂಕ್ ತುಂಬಿದ ಟ್ಯಾಂಕಿಗಿಂತ ಅಪಾಯ, ಒಳಗಿನ ಆವಿ ಸಿಡಿಯುತ್ತದೆ. ಅದು ಗೊತ್ತಿರುವವರು ಮಾತ್ರ ಮಾಡುವ ಕೆಲಸ.

ಟ್ಯಾಂಕ್ ಇಳಿದಿರುವಾಗಲೇ ಎಲ್ಲ ರಬ್ಬರ್ ಪೈಪ್‌ಗಳನ್ನೂ ಎಥನಾಲ್ ತಡೆಯುವ ಪೈಪ್‌ಗೆ ಬದಲಿಸಿ. ಪಂಪ್‌ಗೆ ಹೊಸ ಡಯಾಫ್ರಂ ಕಿಟ್ ಹಾಕಬಹುದು, ಅದೂ ಎಥನಾಲ್‌ಗೆ ಆಗುವಂಥದ್ದೇ ಬೇಕು. ಕಿಟ್ ಸಿಗದೆ ಎಲೆಕ್ಟ್ರಿಕ್ ಪಂಪ್ ಹಾಕಿಸುವವರಿದ್ದಾರೆ. ಹಾಕಬಹುದು, ಆದರೆ ಒತ್ತಡ 3 ಪಿಎಸ್‌ಐ ಮೀರದಂತೆ ರೆಗ್ಯುಲೇಟರ್ ಬೇಕು. ಇಲ್ಲವಾದರೆ ಫ್ಲೋಟ್ ಸೂಜಿಯನ್ನು ತಳ್ಳಿಕೊಂಡು ಪೆಟ್ರೋಲ್ ಹೊರಗೆ ಉಕ್ಕುತ್ತದೆ. ಎಂಜಿನ್ ನಿಂತ ಕೂಡಲೇ ಪಂಪ್ ಕೂಡ ನಿಲ್ಲುವ ಹಾಗೆ ಕಟ್-ಆಫ್ ಇರಲೇಬೇಕು, ಅಪಘಾತವಾದಾಗ ಪಂಪ್ ಓಡುತ್ತಲೇ ಇದ್ದರೆ ಬೆಂಕಿ. ನನ್ನ ಆಯ್ಕೆ ಹಳೆಯ ಮೆಕ್ಯಾನಿಕಲ್ ಪಂಪೇ.

ಆಗುಂಬೆಗೆ ಹೋಗುವ ವಿಷಯ. ಕೆಲಸ ಮುಗಿದ ಮರುದಿನವೇ ಹೊರಡಬೇಡಿ. ತೊಳೆದ ಟ್ಯಾಂಕಿನಿಂದಲೂ ಸ್ವಲ್ಪ ದಿನ ಪುಡಿ ಬರುತ್ತಿರುತ್ತದೆ. ಒಂದೆರಡು ವಾರ ಕುಂದಾಪುರ, ಕಾಪು ಅಂತ ಹತ್ತಿರದಲ್ಲೇ ಓಡಿಸಿ, ಫಿಲ್ಟರ್ ನೋಡುತ್ತಿರಿ, ಕೆಂಪಾದರೆ ಬದಲಿಸಿ. ಆಮೇಲೆ ಮಣಿಪಾಲದ ಏರನ್ನು ಮೂರು ಜನರನ್ನು ಕೂರಿಸಿಕೊಂಡು ಹತ್ತಿಸಿ ನೋಡಿ. ಅಲ್ಲಿ ಸಲೀಸಾಗಿ ಎಳೆದರೆ ಹೆಬ್ರಿ ದಾಟಿ ಸೋಮೇಶ್ವರದಿಂದ ಮೇಲಿನ 14 ಹೇರ್‌ಪಿನ್ ತಿರುವುಗಳಿಗೆ ಧೈರ್ಯವಾಗಿ ಹೋಗಬಹುದು. ಘಾಟಿಯಲ್ಲಿ ಮೂರನೇ ಗೇರ್‌ನಲ್ಲಿ ಒದ್ದಾಡಿಸದೆ ಬೇಗ ಎರಡಕ್ಕೆ ಇಳಿಸಿ. ಬೆಳಿಗ್ಗೆ ತಂಪಿನಲ್ಲೇ ಹತ್ತಿ. ಬಿಸಿಲಲ್ಲಿ ಹತ್ತುವಾಗ ಎಸಿ ಪಂಪ್ ಕಾದು ಪೆಟ್ರೋಲ್ ಆವಿಯಾಗಿ ನಿಂತರೆ ಹಳೆಯ ಡ್ರೈವರ್‌ಗಳು ಮಾಡುತ್ತಿದ್ದದ್ದನ್ನೇ ಮಾಡಿ: ಎಂಜಿನ್ ಬಂದ್ ಮಾಡಿ ಪಂಪ್ ಮೇಲೆ ಒದ್ದೆ ಬಟ್ಟೆ ಸುತ್ತಿ ಕಾಯಿರಿ. ಕಾರ್ಬ್ಯುರೇಟರ್‌ಗೆ, ವಯರಿಂಗ್‌ಗೆ ನೀರು ತಾಗದಿರಲಿ. ಡಿಕ್ಕಿಯಲ್ಲಿ ಒಂದು ಹಳೆಯ ಕಂಡೆನ್ಸರ್, ಒಂದು ಪಾಯಿಂಟ್ ಸೆಟ್, ಒಂದು ಫಿಲ್ಟರ್, ಅರ್ಧ ಮೀಟರ್ ಪೈಪ್, ನಾಲ್ಕು ಕ್ಲಿಪ್ ಇಟ್ಟುಕೊಳ್ಳಿ.

ಗೇಜ್ ಪರೀಕ್ಷೆಯಲ್ಲಿ 60ರ ಹತ್ತಿರ ಎಷ್ಟು ಪಿಎಸ್‌ಐ ಇತ್ತು, ಪ್ಲಗ್‌ಗಳ ಬಣ್ಣ ಹೇಗಿತ್ತು, ನಾಲ್ಕು ಸಿಲಿಂಡರ್‌ಗಳ ಕಂಪ್ರೆಷನ್ ಎಷ್ಟು ಬಂತು ಎಂದು ಬರೆದು ಕಳಿಸಿ. ಮುಳ್ಳು ಇಳಿಯದೆಯೇ ಜರ್ಕ್ ಬಂದಿದ್ದರೆ ಮುಂದಿನದ್ದನ್ನು ಆ ಅಂಕೆಗಳನ್ನು ನೋಡಿ ಹೇಳುತ್ತೇನೆ.